ಹೆಬ್ಬೆರಳಿಗೊಂದು ಪೈಪೋಟಿ

ಮುಝಮ್ಮಿಲ್ ಬಂದ ದಿನವೇ ಕಜೆಟನ್ ಡಿಮೆಲ್ಲೊನಿಗೆ ಹೊಟ್ಟೆ ಉರಿಯಿತು ಎಂದರೆ ಸುಳ್ಳಾಗುತ್ತದೆ. ಮೊದಲ ಎರಡು ತಿಂಗಳು ಇಬ್ಬರೂ ಚೆನ್ನಾಗಿಯೇ ಇದ್ದರು. ಒಬ್ಬ ಶಿರ್ವದವ, ಇನ್ನೊಬ್ಬ ಕಾಪುವಿನವ, ಒಂದೇ ಡಬ್ಬಿಯ ಮೀನು ಸಾರು ಹಂಚಿಕೊಂಡು ಉಂಡವರು. ಉರಿ ಹತ್ತಿದ್ದು ಒಂದು ಬೆಳಿಗ್ಗೆ ಅಬೂ ಬದರ್ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು "ಸಬಾಹಲ್ ಖೈರ್, ಮುಝಮ್ಮಿಲ್!" ಎಂದಾಗ. ಹದಿನಾರು ವರ್ಷದಿಂದ ಆ ಬಾಗಿಲಲ್ಲಿ ಮೊದಲು ಬರುತ್ತಿದ್ದದ್ದು ಕಜೆಟನ್‌ನ ಹೆಸರು. ಅಂದು ಅವನದು ಎರಡನೆಯದಾಯಿತು. ಇಷ್ಟಕ್ಕೇ ಉರಿಯುವುದೇ ಎಂದು ಕೇಳಬೇಡಿ. ಉರಿದದ್ದು ಹೌದು.

ಅಬೂ ಬದರ್ ಅಂದರೆ ಕುವೈತಿನ ಒಂದು ಶೂಟಿಂಗ್ ಕ್ಲಬ್ಬಿನ ರೈಫಲ್ ವಿಭಾಗದ ಯಜಮಾನ, ಆ ವರ್ಕ್‌ಶಾಪು ಅಲ್ಲಿಯದು. ಇರಾಕಿನ ಜೊತೆಗಿನ ಯುದ್ಧ ಮುಗಿದು ಎರಡು ವರ್ಷಕ್ಕೆ ಅಲ್ಲಿಗೆ ಬಂದ ಕಜೆಟನ್‌ನನ್ನು ಕೆಲಸಕ್ಕೆ ಇಟ್ಟುಕೊಂಡದ್ದೂ ಅವನೇ. ಕೆಲಸ ಎಂಥದ್ದೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಕೇಸನ್ನು ಎಸೆಯುವುದಿಲ್ಲ, ತೊಳೆದು ಮತ್ತೆ ತುಂಬುತ್ತಾರೆ. ಕೇಸಿನ ತಳದಲ್ಲಿ ಒಂದು ಸಣ್ಣ ಗುಳಿ. ಉದ್ದಿನಕಾಳಿಗಿಂತ ತುಸು ದೊಡ್ಡದಾದ ಪ್ರೈಮರ್ ಎಂಬ ಬಟ್ಟಲನ್ನು ಆ ಗುಳಿಗೆ ಒತ್ತಿ ಕೂರಿಸಬೇಕು. ಮದ್ದಿಗೆ ಕಿಡಿ ಕೊಡುವುದು ಅದೇ. ಹಾರಿಸಿದಷ್ಟು ಸಲ ಗುಳಿ ಕೂದಲೆಳೆಯಷ್ಟು ಹಿಗ್ಗುತ್ತದೆ. ಏಳೆಂಟು ಸಲಕ್ಕೆ ಕೆಲವು ಸಡಿಲವಾಗಿಬಿಡುತ್ತವೆ. ಅಂಥದ್ದನ್ನು ತುಂಬಿ ಹಾರಿಸಿದರೆ ಬಿಸಿ ಹೊಗೆ ಪ್ರೈಮರಿನ ಸುತ್ತಿನಿಂದ ಹಿಂದಕ್ಕೆ ನುಗ್ಗುತ್ತದೆ. ಹಿಂದೆ ಇರುವುದು ಗುರಿಯಿಟ್ಟವರ ಕಣ್ಣು.

ಸಡಿಲ ಯಾವುದು, ಬಿಗಿ ಯಾವುದು ಎಂದು ಹೇಳುತ್ತಿದ್ದದ್ದು ಕಜೆಟನ್‌ನ ಬಲಗೈ ಹೆಬ್ಬೆರಳು. ಕೈಯೊತ್ತಿನ ಉಪಕರಣದ ಹಿಡಿ ಅದುಮುವಾಗ ಬಿಗಿ ಗುಳಿ ಸ್ವಲ್ಪ ಜಗಳ ಮಾಡಿ ಪ್ರೈಮರನ್ನು ಒಳಗೆ ಬಿಡುತ್ತದೆ. ಸಡಿಲ ಗುಳಿ ಸುಮ್ಮನೆ ನುಂಗುತ್ತದೆ. ಸುಮ್ಮನೆ ನುಂಗಿತೋ, ಪ್ರೈಮರ್ ಹೊರಗೆ, ಕೇಸಿನ ಬಾಯಿಗೆ ಇಕ್ಕಳ. ಬಾಯಿ ಜಜ್ಜಿದ ಕೇಸನ್ನು ಮತ್ತೆ ಯಾರೂ ತುಂಬುವ ಹಾಗಿಲ್ಲ. "ಕಜೆಟನ್‌ನ ಹೆಬ್ಬೆರಳು" ಎಂದು ಕ್ಲಬ್ಬಿನಲ್ಲಿ ಹೆಸರೇ ಆಗಿತ್ತು. ಬೇರೆ ಕ್ಲಬ್ಬಿನವರು ಬಂದಾಗ ಅಬೂ ಬದರ್ ಆ ಬೆರಳನ್ನು ಎತ್ತಿ ತೋರಿಸುತ್ತಿದ್ದ. ಕಜೆಟನ್ ನಾಚಿದಂತೆ ಮಾಡಿ ಒಳಗೊಳಗೇ ಉಬ್ಬುತ್ತಿದ್ದ.

ಆ ಬೆರಳು ಸತ್ತುಹೋಗಿತ್ತು. ಇದು ಗೊತ್ತಿದ್ದದ್ದು ಅವನಿಗೆ, ಮತ್ತೆ ಅವನ ಹೆಂಡತಿ ಮಗ್ದಲೀನಳಿಗೆ. ಅವಳು ನರ್ಸು. ಒಂದು ದಿನ ಇಸ್ತ್ರಿಪೆಟ್ಟಿಗೆಗೆ ಬೆರಳು ತಾಗಿ ಬೊಬ್ಬೆ ಎದ್ದರೂ ಗಂಡನಿಗೆ ಗೊತ್ತೇ ಆಗದ್ದು ಕಂಡು, "ಶುಗರ್ ನರಕ್ಕೆ ಇಳಿದಿದೆ, ಡಾಕ್ಟರ ಹತ್ರ ಹೋಗುವ" ಎಂದಳು. "ನೀನು ಬಾಯಿ ಮುಚ್ಕೊಂಡು ಇರು, ಯಾರ ಹತ್ರವೂ ಹೇಳ್ಬೇಡ" ಎಂದು ಇವನು ಗದರಿದ. ಅಂದಿನಿಂದ ಅವನು ಬೆರಳಿನಿಂದಲ್ಲ, ಅಂದಾಜಿನಿಂದ ಆರಿಸುತ್ತಿದ್ದ. ಅಂದಾಜು ಎಷ್ಟು ದಿನ ನಡೆದೀತು? ಹಾರಿಸಿದ ಕೇಸುಗಳ ತಳದಲ್ಲಿ ಕಪ್ಪು ಮಸಿಯ ಬಳೆ ಕಾಣತೊಡಗಿತು. ರೈಫಲ್ಲಿನ ಬೋಲ್ಟಿನ ಮುಖದ ಮೇಲೆ ಸಣ್ಣ ಸಣ್ಣ ಚುಕ್ಕೆ ಎದ್ದವು.

"ಹೊಸ ಮದ್ದು ಸರಿಯಿಲ್ಲ ಬಾಬಾ" ಎಂದು ಯಜಮಾನನಿಗೆ ಹೇಳಿದ ಕಜೆಟನ್.

ಮುಝಮ್ಮಿಲ್ ಮಸಿ ಹಿಡಿದ ಕೇಸೊಂದನ್ನು ಎತ್ತಿ ತಳ ನೋಡಿದ. ಶುವೈಖಿನ ಗ್ಯಾರೇಜಿನಲ್ಲಿ ಹತ್ತು ವರ್ಷ ಲೇತ್ ತಿರುಗಿಸಿ ಬಂದವನು ಅವನು. ಹೊಸ ಕೇಸು ನಾಲ್ಕು, ಹಳೆಯದು ನಾಲ್ಕು ಅಳತೆ ಮಾಡಿ, ಒಂದು ಉಕ್ಕಿನ ಪಿನ್ನು ಕಡೆದು ತಂದ. ಬಿಗಿ ಗುಳಿಗೆ ಪಿನ್ನು ಇಳಿಯುವುದಿಲ್ಲ. ಇಳಿದರೆ ಕೇಸು ಕಸಕ್ಕೆ. ಅಷ್ಟೇ.

"ವಲ್ಲಾ! ಇದು ನನಗೂ ಬರ್ತದೆ!" ಅಬೂ ಬದರ್ ಮಕ್ಕಳಂತೆ ಕುಣಿದು ಹತ್ತು ಕೇಸು ತಾನೇ ನೋಡಿದ. "ಕಜೆಟನ್, ನಿನ್ನ ಹೆಬ್ಬೆರಳಿಗೆ ರಜೆ!"

ಎಲ್ಲರೂ ನಕ್ಕರು. ಕಜೆಟನ್ ಕೂಡ ಹಲ್ಲು ಬಿಟ್ಟ. ಎರಡಿಂಚಿನ ಉಕ್ಕಿನ ತುಂಡು! ಹದಿನಾರು ವರ್ಷದ ವಿದ್ಯೆಗೆ ಎರಡಿಂಚಿನ ತುಂಡು! ನಿಂತರೆ ಮುಝಮ್ಮಿಲ್, ಕೂತರೆ ಮುಝಮ್ಮಿಲ್. ಅವನ ಅಂಗಿಯ ಇಸ್ತ್ರಿ ಕಂಡರೂ ಆಗದು, ಅವನ ಶಿಳ್ಳೆ ಕೇಳಿದರೂ ಆಗದು. ಅಬೂ ಬದರ್ ಅವನ ಹೆಗಲ ಮೇಲೆ ಕೈಯಿಟ್ಟರೆ ಕಜೆಟನ್‌ನಿಗೆ ತನ್ನ ಹೆಗಲು ಬರಿದಾದಂತೆ ಆಗುತ್ತಿತ್ತು. ಹಾಳಾದವನು ಒಳ್ಳೆಯವನೂ ಆಗಿದ್ದ. ಬೈಯಲು ಒಂದು ಕಾರಣವನ್ನೂ ಕೊಡುತ್ತಿರಲಿಲ್ಲ.

ಬುಧವಾರ ಮುಝಮ್ಮಿಲ್ ಮಧ್ಯಾಹ್ನದ ಲುಹರ್ ನಮಾಝಿಗೆ ಹೋದ. ಕಜೆಟನ್ ಪಿನ್ನನ್ನು ಡ್ರಿಲ್ಲಿಗೆ ಸಿಕ್ಕಿಸಿ, ನಯವಾದ ಪಾಲಿಷ್ ಕಾಗದ ಹಿಡಿದು ತಿರುಗಿಸಿದ. ಐದು ನಿಮಿಷ. ಕಣ್ಣಿಗೆ ಕಾಣದಷ್ಟು ಸಣ್ಣಗಾಯಿತು. ಇನ್ನು ಇದು ಒಳ್ಳೆಯ ಗುಳಿಗೂ ಇಳಿಯುತ್ತದೆ. ಒಳ್ಳೆಯ ಕೇಸು ಕಸಕ್ಕೆ ಹೋದರೆ ಯಾರ ಕಣ್ಣೂ ಹೋಗುವುದಿಲ್ಲ, ಹೋಗುವುದು ಮುಝಮ್ಮಿಲ್‌ನ ಮರ್ಯಾದೆ ಮಾತ್ರ. ಹಾಗೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ಮರುದಿನ ಇನ್ನೂರು ಕೇಸಿನಲ್ಲಿ ನೂರ ಅರವತ್ತಕ್ಕೆ ಪಿನ್ನು ಇಳಿಯಿತು. ಫಿನ್ಲೆಂಡಿನಿಂದ ತರಿಸಿ, ಕಸ್ಟಮ್ಸಿನಲ್ಲಿ ಮೂರು ತಿಂಗಳು ಕಾದು ಬಿಡಿಸಿಕೊಂಡ ಕೇಸುಗಳು! ಇಕ್ಕಳ ಎತ್ತಿದ ಮುಝಮ್ಮಿಲ್ ಅನುಮಾನ ಬಂದು ಕೆಳಗಿಟ್ಟ. ಸುದ್ದಿ ಕೇಳಿ ಅಬೂ ಬದರ್ ಕೆಂಡವಾದ.

"ಇದೇನಾ ನಿನ್ನ ಮಶೀನು? ನಾಡಿದ್ದು ದಾನಾಳ ಫೈನಲ್! ಅವಳು ಏನು ಹಾರಿಸ್ತಾಳೆ, ಖರ್ಜೂರದ ಬೀಜವಾ?"

ದಾನಾ ಅವನ ಮಗಳು, ಹತ್ತೊಂಬತ್ತರ ಹುಡುಗಿ.

ಮುಝಮ್ಮಿಲ್ ತಲೆ ತಗ್ಗಿಸಿದ. "ಪಿನ್ನು ಸವೆದಿದೆ ಬಾಬಾ. ನಾನು ಅದಕ್ಕೆ ಕಾಸಿ ಹದ ಕೊಡ್ಬೇಕಿತ್ತು, ಕೊಡ್ಲಿಲ್ಲ. ತಪ್ಪು ನಂದು." ಆಮೇಲೆ ಕಜೆಟನ್‌ನ ಕಡೆ ತಿರುಗಿ, ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ ಗೌರವದಿಂದ ಕರೆದ. "ಪೊರ್ಬುಗಳೇ, ನಿಮ್ಮ ಬೆರಳಿಗಿಂತ ದೊಡ್ಡದು ಯಾವುದೂ ಇಲ್ಲ ಮಾರಾಯ್ರೆ. ನೀವೇ ಆರಿಸಿ ಕೊಡಿ."

"ಯಲ್ಲಾ, ಕಜೆಟನ್! ಶುರು ಮಾಡು!" ಎಂದ ಅಬೂ ಬದರ್. ಮೊದಲ ಹೆಸರು ಮತ್ತೆ ಕಜೆಟನ್‌ನದೇ ಆಯಿತು.

ಆ ಒಂದು ಗಳಿಗೆ ಕಜೆಟನ್‌ನ ಎದೆ ಹಿಗ್ಗಿದ್ದು ಸುಳ್ಳಲ್ಲ. ಸ್ಟೂಲು ಎಳೆದುಕೊಂಡು ಕೂತ. ಇಬ್ಬರೂ ಆಚೀಚೆ ನಿಂತರು. ಮೊದಲ ಕೇಸಿಟ್ಟು ಹಿಡಿ ಅದುಮಿದ. ಪ್ರೈಮರ್ ಕೂತಿತು. ಎರಡನೆಯದು ಕೂತಿತು. ಮೂರನೆಯದೂ. ಎಲ್ಲ ಒಂದೇ. ಪಾಲಿಷ್ ಡಬ್ಬಿಯಲ್ಲಿ ಉರುಳಿ ಬಂದ ಕೇಸುಗಳು, ಮಸಿಯ ಗುರುತೂ ಉಳಿದಿರಲಿಲ್ಲ, ಎಲ್ಲವೂ ಥಳಥಳ. ಇವುಗಳಲ್ಲಿ ನಿಜವಾದ ಸಡಿಲದವೂ ಇವೆ. ಪಿನ್ನು ತಿಕ್ಕಿ ಅವನ್ನು ಒಳ್ಳೆಯದರ ಜೊತೆ ಬೆರೆಸಿಟ್ಟವನು ತಾನೇ. ಎಡಗೈಯಲ್ಲಿ ಅದುಮಿ ನೋಡಿದ. ಅದು ಯಾವತ್ತೂ ಕಲಿತ ಕೈಯಲ್ಲ.

"ಹೇಗುಂಟು?" ಮುಝಮ್ಮಿಲ್ ಕೇಳಿದ.

"ಒಳ್ಳೇದುಂಟು" ಎಂದಿತು ಬಾಯಿ. ಹತ್ತನೆಯದು, ಹನ್ನೊಂದನೆಯದು. ದಾನಾ ಕೆನ್ನೆಯನ್ನು ರೈಫಲ್ಲಿನ ಮರದ ಹಿಡಿಗೆ ಒತ್ತಿ, ಬಲಗಣ್ಣು ತೆರೆದು, ಉಸಿರು ಬಿಗಿಹಿಡಿಯುವುದು ಕಣ್ಣಮುಂದೆ ಬಂತು. "ಅಮ್ಮು ಕಜೆಟನ್" ಎಂದು ಚಿಕ್ಕಪ್ಪನನ್ನು ಕರೆದಂತೆ ಕರೆಯುವವಳು. ಹನ್ನೆರಡನೆಯ ಕೇಸು ಕೈಯಿಂದ ಜಾರಿ ನೆಲಕ್ಕೆ ಬಿತ್ತು.

"ಬಾಬಾ, ನನಗೆ ಗೊತ್ತಾಗುವುದಿಲ್ಲ."

"ಏನು ಗೊತ್ತಾಗುವುದಿಲ್ಲ?"

"ಬೆರಳು ಸತ್ತಿದೆ. ಶುಗರ್. ಪಿನ್ನು ಸವೆದದ್ದಲ್ಲ, ನಾನು ತಿಕ್ಕಿದ್ದು. ಇವನನ್ನು ಕಂಡರೆ ನನಗೆ ಆಗುವುದಿಲ್ಲ."

ಮುಝಮ್ಮಿಲ್‌ನ ಮುಖ ಕಪ್ಪಿಟ್ಟಿತು. ಅಬೂ ಬದರ್ ಪಿನ್ನಿನ ಸುದ್ದಿಯನ್ನೇ ಎತ್ತಲಿಲ್ಲ.

"ಬೆರಳು ಸತ್ತು ಎಷ್ಟು ದಿನವಾಯ್ತು?"

"ಎಂಟು ತಿಂಗಳು."

ಅಬೂ ಬದರ್ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. "ಎಂಟು ತಿಂಗಳು ನನ್ನ ಮಗಳು ಹಾರಿಸಿದ್ದಾಳೆ" ಎಂದಷ್ಟೇ ಹೇಳಿ ಕೈ ಚಾಚಿದ. ಕಜೆಟನ್ ಸೊಂಟದಿಂದ ಮದ್ದಿನ ಕಪಾಟಿನ ಕೀ ಬಿಚ್ಚಿ ಅವನ ಅಂಗೈಗಿಟ್ಟ. ಅಬೂ ಬದರ್ ಅದನ್ನು ಮುಝಮ್ಮಿಲ್‌ನಿಗೆ ಕೊಟ್ಟ. "ಇವನು ಇನ್ನು ಗುಂಡು ಮುಟ್ಟುವ ಹಾಗಿಲ್ಲ. ಖಲಾಸ್." ಬಾಗಿಲು ಹಾಕಿಕೊಂಡು ಹೋದ.

ಮುಝಮ್ಮಿಲ್ ಕೀಯನ್ನು ಬೇಡ ಎನ್ನಲಿಲ್ಲ, ಜೇಬಿಗಿಳಿಸಿದ. ಲೇತಿನ ಹತ್ತಿರ ಹೋಗಿ ಹೊಸ ಪಿನ್ನು ಕಡೆಯತೊಡಗಿದ. ಕಜೆಟನ್ ಸ್ಟೂಲಿನ ಮೇಲೆಯೇ ಕೂತಿದ್ದ. ಬೈಯುತ್ತಾನೆ ಎಂದು ಕಾದ. ಬೈದರೆ ತಿರುಗಿ ಬೈಯಲು ಎರಡು ಮಾತನ್ನೂ ಹೊಂದಿಸಿಟ್ಟುಕೊಂಡಿದ್ದ.

ಲೇತ್ ನಿಂತಿತು. ಮುಝಮ್ಮಿಲ್ ಮೂಲೆಯ ಕೆಟಲ್ಲಿನ ಹತ್ತಿರ ಹೋಗಿ ಎರಡು ಲೋಟ ಚಹಾ ಮಾಡಿ, ಒಂದನ್ನು ಅವನ ಮುಂದೆ ಕುಕ್ಕಿದ. ಮುಖ ನೋಡಲಿಲ್ಲ.

ಕಜೆಟನ್ ಒಂದು ಗುಟುಕು ಕುಡಿದ. ಸಕ್ಕರೆ ಹಾಕಿರಲಿಲ್ಲ. ಇಷ್ಟು ಸಿಟ್ಟಿನಲ್ಲೂ ಈ ಮನುಷ್ಯನಿಗೆ ತನ್ನ ಶುಗರ್ ನೆನಪಾಯಿತಲ್ಲ! ತಾನಾಗಿದ್ದರೆ ಮೂರು ಚಮಚ ಸುರಿಯುತ್ತಿದ್ದೆ ಎಂದು ಹೊಳೆದು, ಕಜೆಟನ್‌ನಿಗೆ ಅವನ ಮೇಲೆ ಹಿಂದೆಂದೂ ಆಗದಷ್ಟು ಹೊಟ್ಟೆ ಉರಿಯಿತು.