ಅವ್ವನ ಸೀರೆಯ ಕೌದಿ

ವೀರವ್ವನ ಚೊಚ್ಚಲ ಬಾಣಂತನಕ್ಕೆಂದು ಅವಳ ಅವ್ವ ಯಲವಿಗಿಯ ಮನೆಯಲ್ಲಿ ಒಂದು ಕೌದಿ ಹೊಲಿದಿದ್ದಳು. ತನ್ನ ಮದುವೆಯ ಇಳಕಲ್ ಸೀರೆ, ಗಂಡನ ಧೋತರ, ಗಂಡುಮಕ್ಕಳ ಗೆರೆಯಂಗಿ, ಎಲ್ಲವನ್ನೂ ತುಂಡು ಮಾಡಿ ಜೋಡಿಸಿದ್ದಳು. ಓಣಿಯ ಹೆಂಗಸರು ಊಟ ಮುಗಿಸಿ ಬಂದು ಸುತ್ತ ಕುಳಿತು ಎಳೆ ಹಾಕುತ್ತಿದ್ದರು. ಚಹಾ, ಚುರುಮುರಿ ಆದರೆ ಸಾಕು, ಕೂಲಿಯ ಮಾತೇ ಇರಲಿಲ್ಲ. ದೀಪದ ಕಿಡಿ ಬಿದ್ದು ಸುಟ್ಟ ಕಡೆ ಅವ್ವ ಎಲೆಯಾಕಾರದ ಹಸಿರು ತೇಪೆ ಹಾಕಿದ್ದಳು. ಅವ್ವ ತೀರಿಕೊಂಡು ಎಷ್ಟೋ ವರ್ಷವಾದರೂ, ಆ ಕೌದಿ ಹೊದ್ದರೆ ವೀರವ್ವನಿಗೆ ತವರಿನಲ್ಲೇ ಮಲಗಿದಂತಾಗುತ್ತಿತ್ತು.

ಕೊರೋನಾ ಕಳೆದ ಮರುವರ್ಷ ವೀರವ್ವನ ಗಂಡನೂರಾದ ಅಬಲೂರಿಗೆ ಶ್ರೀಪಾದನೆಂಬ ಏಜೆಂಟ ಬಂದ. ಹೊರದೇಶದ ಅಂಗಡಿಗಳಿಗೆ ಕೌದಿ ಹೊಲಿಸುವ ಕಂಪನಿಯವನು. ಮಾದರಿಗೆಂದು ವೀರವ್ವನ ಹಳೆಯ ಕೌದಿ ಕೇಳಿದ.

“ತಿಂಗಳೊಳಗ ತಂದು ಕೊಡ್ತೇನ್ರಿ ಅವ್ವಾರ.”

ಕೆಲಸ ಚೆನ್ನಾಗಿಯೇ ನಡೆಯಿತು. ವೀರವ್ವ ಸೋರುವ ಮಾಡು ಸರಿ ಮಾಡಿಸಿದಳು. ಎದುರುಮನೆಯ ದಿಲ್ಶಾದ ಕಿರಿಮಗಳನ್ನು ಹಿರೇಕೆರೂರಿನ ಕಾಲೇಜಿಗೆ ಹಚ್ಚಿದಳು. ಆದರೆ ಒಂದು ಕೌದಿಗೆ ಇಷ್ಟೆಂದು ಕೂಲಿ ಗೊತ್ತಾದ ಮೇಲೆ ಇಲ್ಲೂ ಮೊದಲಿನಿಂದ ನಡೆದುಬಂದಿದ್ದ, ಒಬ್ಬರ ಎಳೆ ಇನ್ನೊಬ್ಬರ ಕೌದಿಗೆ ಬೀಳುವ ರೂಢಿ ನಿಂತಿತು. ಎಲ್ಲರೂ ಕಂಪನಿ ಕಳಿಸಿದ ಅರಿವೆಯ ಗಂಟು ಒಯ್ದು ತಮ್ಮ ತಮ್ಮ ಮನೆಯಲ್ಲಿ ಬಾಗಿಲು ಮುಚ್ಚಿಕೊಂಡು ಹೊಲಿದರು.

ಆಮೇಲೆ ಗಂಟು ಬರುವುದೂ ನಿಂತಿತು. ವೀರವ್ವ ಫೋನ್ ಮಾಡಿದಳು.

“ಬ್ಯಾರೆ ದೇಶದಾಗ ಮಷಿನ್ ಮ್ಯಾಲೆ ಅಗ್ಗ ಆಗ್ತದಂತ್ರಿ,” ಎಂದ ಶ್ರೀಪಾದ. “ನನ್ನೂ ಬಿಡಿಸ್ಯಾರ.”

“ನಮ್ಮವ್ವನ ಕೌದಿ?”

“ಕಂಪನಿ ಗೋದಾಮಿಗೆ ಹೋತ್ರಿ. ಕೇಳಿ ಕೇಳಿ ಸಾಕಾತು.”

ಹೋದ ದೀಪಾವಳಿಗೆ ಮೊಮ್ಮಗಳು ಐಶ್ವರ್ಯ ಫೋನಿನಲ್ಲಿ ಆರ್ಡರ್ ಮಾಡಿ ಒಂದು ಬೆಡ್‌ಶೀಟ್ ತರಿಸಿದಳು. ಅದನ್ನು ಮಂಚಕ್ಕೆ ಹಾಸಿದಾಗ ವೀರವ್ವ ಹತ್ತಿರ ಬಂದು ಬಗ್ಗಿ ನೋಡಿದಳು. ಅವ್ವನ ಕೆಂಪು ಸೆರಗು. ತಮ್ಮನ ಗೆರೆಯಂಗಿ. ಮೂಲೆಯಲ್ಲಿ ಎಲೆಯಂಥ ಹಸಿರು ತೇಪೆ. ಬೆರಳಾಡಿಸಿದರೆ ಎಲ್ಲವೂ ನುಣ್ಣಗೆ. ಎಳೆಗಳು ಕೂಡ ಬರೀ ಅಚ್ಚು.

“ಇದು ನಮ್ಮವ್ವನ ಕೌದಿ,” ಎಂದಳು.

ಐಶ್ವರ್ಯಳ ಮುಖ ಸಣ್ಣದಾಯಿತು. “ವಾಪಸ್ ಕಳಸ್ಲೇನ ಆಯಿ?”

“ಬ್ಯಾಡ. ಇಷ್ಟಾದ್ರೂ ಬಂತಲ್ಲ.”

ಬಹಳ ದಿನ ಆಕೆ ಅದನ್ನು ಹೊದೆಯಲಿಲ್ಲ, ಮಡಚಿ ಒಳಗಿಡಲೂ ಇಲ್ಲ. ಹೋಗುತ್ತ ಬರುತ್ತ ನೋಡುತ್ತಿದ್ದಳು.

ಬೇಸಿಗೆಯಲ್ಲಿ ದಿಲ್ಶಾದ ಬಂದಳು. ಅವಳ ಹಿರಿಮಗಳು ಹೆರಿಗೆಗೆ ಬರುವವಳಿದ್ದಳು.

“ಒಂದ್ ಕೌದಿ ಹೊಲದ ಕೊಡಾಕ ಎಷ್ಟ ತಗೋತೀರಿ ಅಕ್ಕಾರ?”

ಆ ಮಾತು ವೀರವ್ವನಿಗೆ ಚುಚ್ಚಿತು. “ಮೊದ್ಲ ಹಿಂಗ ಕೇಳ್ತಿದ್ದೇನ ದಿಲ್ಶಾದ?”

ದಿಲ್ಶಾದ ನೆಲ ನೋಡಿದಳು. “ರೂಢಿ ತಪ್ಪೇತ್ರಿ.”

“ನಿಮ್ಮವ್ವನ ಸೀರಿ ಇಟ್ಟಿದ್ರ ತಗೊಂಡ್ ಬಾ.”

ಮರುದಿನ ಮಧ್ಯಾಹ್ನ ವೀರವ್ವ ಪಡಸಾಲೆಯಲ್ಲಿ ಬೆಡ್‌ಶೀಟನ್ನೇ ಅಡಿಯ ಪದರವಾಗಿ ಹಾಸಿದಳು. ಅದರ ಮೇಲೆ ದಿಲ್ಶಾದಳ ತಾಯಿಯ ನೀಲಿ ಸೀರೆ ಬಂತು. ಸುದ್ದಿ ಕೇಳಿ ಹಿಂದಿನ ಮನೆಯ ಚೌಡವ್ವ ಯಾರೂ ಕರೆಯದೆಯೇ ಬಂದು ಒಂದು ಮೂಲೆ ಹಿಡಿದಳು. ಐಶ್ವರ್ಯ ಹಾಕಿದ ಎಳೆ ಓರೆಯಾಯಿತು.

“ಬಿಚ್ಚಲೇನ ಆಯಿ?”

“ಇರ್ಲಿ ಬಿಡ. ನೀ ಹಾಕಿದ್ದು ಅಂತ ಗೊತ್ತಾಗ್ತೇತಿ.”

ಚೌಡವ್ವ ಶಿಗ್ಗಾವಿಯ ಬೀಗರ ಸುದ್ದಿ ತೆಗೆದಳು. ಅದು ಮುಗಿಯುವಷ್ಟರಲ್ಲಿ ಬಿಸಿಲು ಪಡಸಾಲೆ ದಾಟಿತ್ತು. ಯಾರೂ ಏಳಲಿಲ್ಲ.