ಯಂತ್ರಕ್ಕೊಂದು ಚಿಪ್ಪು ಕಾವಾ

ಸಮುದ್ರದಾಣೆ, ಇದು ನಡೆದದ್ದೇ. ಲೆವುಕಾ ಬಂದರಿನ ನಮ್ಮ ಹಡಗು ಕಚೇರಿಯಲ್ಲಿ ಟಿಕೆಟ್ ಮಾರುವ ವೆಬ್‌ಪುಟ ಲಿನಕ್ಸ್ ಯಂತ್ರದಲ್ಲಿತ್ತು, ಸೀಟುಗಳ ಮಾಹಿತಿ ವಿಂಡೋಸ್ ಯಂತ್ರದಲ್ಲಿತ್ತು. ಇದು ಕೇಳಿದರೆ ಅದು ತುಟಿ ಬಿಚ್ಚುತ್ತಿರಲಿಲ್ಲ. ಸಂಜೆಯೊಳಗೆ ಎರಡನ್ನೂ ಮಾತಾಡಿಸದಿದ್ದರೆ ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ನನ್ನ ತಂಗಿಯ ಮಗಳು ತರೈವಿನಿಯ ಕೆಲಸ ಹೋಗುತ್ತಿತ್ತು.

"ಡ್ರೈವರ್ ಇಲ್ಲ ಮಾವ, ಅದಕ್ಕೇ ಹಿಂಗೆ," ಎಂದಳು.

"ಸೆಮಿಸಿ ಲಾರೀಲಿ ಮಲಗವ್ನೆ. ಎಬ್ಬಿಸ್ಲಾ?"

"ಆ ಡ್ರೈವರ್ ಅಲ್ಲ! ಇದರ ಮಾತು ಅದಕ್ಕೆ ದಾಟಿಸೋನು."

"ಹಂಗನ್ನು! ಪರವೂರಿಗೆ ಹೋಗೋವಾಗ ನಮ್ಮ ಪರವಾಗಿ ಮಾತಾಡೋನು. ಕಾವಾ ಕಾಣಿಕೆ ಇಲ್ದೆ ಅವನನ್ನ ಬರಿಗೈಲಿ ಕಳಿಸ್ತೀಯೇನೇ?"

ಅವಳು ಡ್ರೈವರ್ ಹಾಕಿದಳು. ನಾನು ವಿಂಡೋಸ್ ಮುಂದೆ ಬೇರು ಅರೆದು ಕದಡಿದ ಕಾವಾವನ್ನು ಒಂದು ತೆಂಗಿನ ಚಿಪ್ಪಿನ ತುಂಬ ಇಟ್ಟು, ವಾಡಿಕೆಯಂತೆ ಚಪ್ಪಾಳೆ ತಟ್ಟಿದೆ. ಯಂತ್ರ ಗಟಗಟ ಕುಡಿದು ತೇಗಿತು, ಸೀಟುಗಳೆಲ್ಲ ಪರದೆಗೆ ಬಂದವು, ಅವಳ ಕೆಲಸ ಉಳಿಯಿತು.

ಈಗ ಅದು ದಿನಾ ಸಂಜೆ ಕಾವಾ ಕೇಳುತ್ತದೆ. ನೀವು ತಂದುಕೊಡಿ ಸಾಕು, ನಾನು ಮುಟ್ಟಿಸುತ್ತೇನೆ.