ಹತ್ತೊಂಬತ್ತನೆಯ ಹಾಳೆ

"ಬಟ್ಟೆ ಬೇಡ, ಪಾತ್ರೆ ಬೇಡ, ಈ ನೋಟ್‌ಬುಕ್ ಮಾತ್ರ ಬೇಕು ಅಂತೀರಲ್ಲ, ನಿಮಗೆ ಬುದ್ಧಿ ನೆಟ್ಟಗಿದೆಯೇನ್ರೀ?"

ಸರಸಮ್ಮನಿಗೆ ಸಾಕುಸಾಕಾಗಿತ್ತು. ಇರಾಕಿನ ಸೈನ್ಯ ಕುವೈತಿಗೆ ನುಗ್ಗಿ ಆರು ವಾರವಾಗಿತ್ತು. ಮಂಗಫ್‌ನ ಅವರ ಕಟ್ಟಡದಲ್ಲಿ ಅರ್ಧ ಮನೆಗಳು ಖಾಲಿ. ನಾಳೆ ಬೆಳಿಗ್ಗೆ ಜೋರ್ಡಾನಿಗೆ ಬಸ್ಸು, ತಲೆಗೊಂದು ಚೀಲ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ. ಅವಳ ಗಂಡ, ರಿಫೈನರಿ ಇಂಜಿನಿಯರ್ ಲಕ್ಷ್ಮೀನರಸಿಂಹ, ನೋಟ್‌ಬುಕ್ ಎದೆಗವಚಿಕೊಂಡು ಸೋಫಾದ ಮೇಲೆ ಕೂತುಬಿಟ್ಟಿದ್ದರು.

ಎರಡು ಸಾವಿರ ವರ್ಷದ ಹಿಂದೆ ಯಾವನೋ ಗ್ರೀಕ್ ವ್ಯಾಪಾರಿ ನಮ್ಮ ಪಡುಗಡಲಿನ ದಾರಿ, ಬಂದರು, ದೂರ ಎಲ್ಲ ಬರೆದಿಟ್ಟಿದ್ದನಂತೆ. ಅವನ ಕೈಬರಹ ಎಂದೋ ಮಣ್ಣಾಗಿ, ನಕಲಿನ ನಕಲು ಮಾತ್ರ ಉಳಿದಿತ್ತಂತೆ. ಅದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರಲು ಗಂಡ ಏಳು ವರ್ಷ ಜೀವ ತೇದಿದ್ದರು. ಅವರ ಅಕ್ಷರ ಅವರಿಗೇ ಓದಲು ಬಾರದು; ಪ್ರತಿ ಶುಕ್ರವಾರ ಕೂತು ಈ ನೋಟ್‌ಬುಕ್ಕಿನಲ್ಲಿ ಶುದ್ಧಪ್ರತಿ ಬರೆದವಳು ಇವಳು. ಕರಡೆಲ್ಲ ಕಸಕ್ಕೆ ಹೋಗಿತ್ತು. ಮೂಲದಲ್ಲಿ ಸಾಲು ಬಿಟ್ಟುಹೋದ ಕಡೆಯೆಲ್ಲ ಗಂಡ ಆ ಹಳೇ ನಕಲುಗಾರನನ್ನು "ಮುಟ್ಠಾಳ" ಎಂದು ಬೈಯುವುದು, "ಪಾಪ, ಅವನ ಒಲೆ ಮೇಲೂ ಹಾಲಿತ್ತೇನೋ" ಎಂದು ಇವಳು ಅನ್ನುವುದು ನಡೆದೇ ಇತ್ತು.

"ಪಕ್ಕದ ಮನೆ ಸ್ಟ್ಯಾನಿ ಹೇಳಲಿಲ್ವಾ? ಯಾರದೋ ಚೀಲದಲ್ಲಿ ನಕ್ಷೆ ಸಿಕ್ತು ಅಂತ ಬಸ್ಸಿಂದಲೇ ಇಳಿಸಿಕೊಂಡರಂತೆ. ಇದರ ತುಂಬ ಬಂದರು, ದೂರ, ಬಾಣದ ಗುರುತು. ಗೂಢಚಾರ ಅನ್ನದೆ ಇನ್ನೇನಂತಾರೆ?"

"ಇದಿಲ್ಲದೆ ನಾನು ಬರಲ್ಲ ಸರಸು."

ಅವಳು ನೋಟ್‌ಬುಕ್ ಕಿತ್ತುಕೊಂಡು ಅಡುಗೆಮನೆಗೆ ನಡೆದಳು. ಹೊಲಿಗೆ ಬಿಚ್ಚಿ ಮೂವತ್ತು ಹಾಳೆ ಬಿಡಿಸಿದಳು. ದಾರಿಗೆಂದು ಹುರಿದಿಟ್ಟ ಅವಲಕ್ಕಿ, ಚಟ್ನಿಪುಡಿ, ಹುರಿಗಡಲೆ, ಅರಿಶಿನ, ಎಲ್ಲವನ್ನೂ ಶೆಟ್ಟರ ಅಂಗಡಿಯವರ ಹಾಗೆ ಹಾಳೆಗೊಂದು ಪೊಟ್ಟಣ ಕಟ್ಟಿ ದಾರ ಸುತ್ತತೊಡಗಿದಳು.

"ಎಣ್ಣೆ ಹತ್ತತ್ತೆ ಕಣೇ," ಗಂಡ ಬಾಗಿಲಲ್ಲಿ ನಿಂತು ಗೋಳಾಡಿದರು.

"ಹತ್ತಲಿ. ನೀವು ಜೀವಸಹಿತ ಇದ್ದರೆ ಸಾಕು ನನಗೆ."

ಗಡಿಯ ಹತ್ತಿರ ಸೈನಿಕನೊಬ್ಬ ಚೀಲ ಸುರುವಿ ಒಂದು ಪೊಟ್ಟಣದ ದಾರ ಎಳೆದ. ಗಂಡನ ಮುಖ ಬಿಳಿಚಿಕೊಂಡಿತು. ಅವನು ಕಾಗದ ನೋಡಲೇ ಇಲ್ಲ. ಅವಲಕ್ಕಿ ಬಾಯಿಗೆ ಹಾಕಿಕೊಂಡ, ಇನ್ನೊಂದು ಹಿಡಿ ಹಾಕಿಕೊಂಡ. ಎಷ್ಟು ದಿನದ ಹಸಿವೋ ಏನೋ. ತಿನ್ನುವವರ ಕೈಯಿಂದ ಕಿತ್ತುಕೊಳ್ಳುವುದು ಅವಳ ಮನೆತನದಲ್ಲೇ ಇರಲಿಲ್ಲ. "ತಗೊಳ್ಳಪ್ಪ," ಎಂದು ಪೊಟ್ಟಣವನ್ನು ಮತ್ತೆ ಸುತ್ತಿ ಅವನ ಕೈಗೇ ಇಟ್ಟಳು. ಬಸ್ಸು ಹೊರಟ ಮೇಲೆ, ತಾನು ಕೊಟ್ಟದ್ದು ಬರೀ ಅವಲಕ್ಕಿಯಲ್ಲ ಎಂದು ಹೊಳೆಯಿತು.

ಜೋರ್ಡಾನಿನ ಡೇರೆಯಲ್ಲಿ ಗಂಡ ಹಾಳೆಗಳನ್ನು ಒರೆಸಿ ಜೋಡಿಸಿದರು.

"ಹತ್ತೊಂಬತ್ತು ಇಲ್ಲ. ನಮ್ಮ ಕರಾವಳಿ ಇದ್ದ ಹಾಳೆ. ಎಲ್ಲ ಬಿಟ್ಟು ಅದನ್ನೇ ದಾನ ಮಾಡಿದೆಯಲ್ಲೇ."

"ಬರೆದ ಕೈ ಇಲ್ಲೇ ಇದೆಯಲ್ಲ. ಪೆನ್ನು ಕೊಡಿ."

ಪರಿಹಾರ ಶಿಬಿರದವರು ಕೊಟ್ಟ ಫಾರಂ ಮಗುಚಿ ಬರೆಯತೊಡಗಿದಳು. ಮೆಣಸಿನ ಬಂದರು ಬಂತು, ದಡ ಹತ್ತಿರವಾದಾಗ ಕಾಣುವ ಹಾವುಗಳು ಬಂದವು. ಆಮೇಲೆ ಎರಡು ಸಾಲು ಏನು ಮಾಡಿದರೂ ಬರಲಿಲ್ಲ. ಅಷ್ಟು ಜಾಗ ಖಾಲಿ ಬಿಟ್ಟು ಮುಂದಿನದನ್ನು ಬರೆದು ಮುಗಿಸಿದಳು. ಈಗ ಬರುತ್ತೆ "ಮುಟ್ಠಾಳ" ಎಂದು ಕಾದಳು.

ಗಂಡ ಖಾಲಿ ಜಾಗವನ್ನು ನೋಡಿದರು. ಪೆನ್ನು ತೆಗೆದುಕೊಂಡು, ಆ ಜಾಗವನ್ನು ಹಾಗೇ ಬಿಟ್ಟು, ಅಂಚಿನಲ್ಲಿ ಗೀಚಿದರು: 'ಇಲ್ಲಿಯ ಎರಡು ಸಾಲು ಅವಲಕ್ಕಿಯ ಜೊತೆ ಹೋದವು. ನಕಲು, ಸರಸಮ್ಮ.'

ಅವಳು ಬಗ್ಗಿ ಓದಿದಳು.

"ನೆಟ್ಟಗೆ ಬರೀರಿ," ಎಂದು ಗದರಿದಳು. "ಮುಂದೆ ಇದನ್ನು ನಕಲು ಮಾಡೋರಿಗೆ ಗೊತ್ತಾಗಬೇಕಲ್ಲ."

ಅವರು ಗೀಚಿದ್ದನ್ನು ಹೊಡೆದುಹಾಕಿ, ಸ್ಲೇಟು ಹಿಡಿದ ಮಗುವಿನ ಹಾಗೆ ಒಂದೊಂದೇ ಅಕ್ಷರ ದುಂಡಗೆ ಬರೆಯತೊಡಗಿದರು. ಹಾಳೆ ಗಾಳಿಗೆ ಏಳುತ್ತಿತ್ತು. ಸರಸಮ್ಮ ಅದರ ಮೂಲೆಯ ಮೇಲೆ, ಈಗ ಬಟ್ಟೆಯಲ್ಲಿ ಕಟ್ಟಿಟ್ಟ ಅರಿಶಿನದ ಗಂಟು ಇಟ್ಟಳು.